ಚಕ್ಕುಬಂದಿ ಮತ್ತು ಖಾಲಿ ನಕ್ಷೆ: ಹಿಂದೂಪುರ, ಕಲ್ಯಾಣದುರ್ಗದ ಗಡಿ ಶಾಲೆಗಳಲ್ಲಿ ಭೂಗೋಳದ ಕಲಿಕೆ

(ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಂಡಿಸಿದ ಮಾತುಗಳ ಬರಹರೂಪ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)

ಧ್ವನಿ ಕೇಳಿಸ್ತಿದೆ ಅಂದುಕೊಂಡು ಶುರು ಮಾಡ್ತೇನೆ. ಕನ್ನಡ ಎಂ.ಎ. ಓದುವವರು ಭೂಗೋಳದ ಬಗ್ಗೆ ಯಾಕೆ ಪ್ರಬಂಧ ಮಂಡಿಸಬೇಕು ಅನ್ನುವ ಪ್ರಶ್ನೆ ಸಹಜ. ನಾನು ಕಲ್ಯಾಣದುರ್ಗದ ಕಡೆಯ ಹಳ್ಳಿಯವನು, ಹತ್ತನೇ ತರಗತಿಯವರೆಗೆ ಓದಿದ್ದು ಆಂಧ್ರದ ಕನ್ನಡ ಮಾಧ್ಯಮದಲ್ಲಿ. ಅಲ್ಲಿ ಭಾಷೆಯ ತರಗತಿ ಒಂದು ನಾಡನ್ನು ಕಲಿಸುತ್ತೆ, ಸಮಾಜದ ತರಗತಿ ಇನ್ನೊಂದು ನಾಡನ್ನು ಕಲಿಸುತ್ತೆ. ಎರಡೂ ಒಂದೇ ಲಿಪಿಯಲ್ಲಿ, ಒಂದೇ ಬೆಂಚಿನ ಮೇಲೆ, ಒಂದೇ ದಿನ. ಇವೆರಡೂ ಸೇರದೆ ಹೋದರೆ ಮಗುವಿಗೆ ನಷ್ಟವಾಗುವುದು ಏನು ಅಂತ ಹೇಳುವುದು ಇವತ್ತಿನ ಉದ್ದೇಶ. ನನ್ನ ವಾದ ಸರಳ. ಆರು, ಏಳು, ಎಂಟನೇ ತರಗತಿಯಲ್ಲಿ ಭೂಗೋಳವನ್ನು ರಾಜ್ಯದ ಖಾಲಿ ನಕ್ಷೆಯೊಳಗೆ ಕೂರಿಸಿ ಕಲಿಸಿದರೆ, ಗಡಿಯ ಮಗುವಿಗೆ ತನ್ನ ಊರಿನ ಮಳೆಗಾಗಲಿ ಹೊಳೆಗಾಗಲಿ ಕಾರಣ ಸಿಗುವುದಿಲ್ಲ. ಕಾರಣಗಳೆಲ್ಲ ಗೆರೆಯ ಆಚೆ ಇರುತ್ತವೆ.

ಮೊದಲು ಜಾಗ ಯಾವುದು ಅಂತ ನೋಡೋಣ. ಹಿಂದೂಪುರ ಪೆನ್ನಾ ನದಿಯ ಕಡೆಯ ಊರು. ಬೆಲ್ಲ, ಹುಣಸೆಹಣ್ಣು, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದದ್ದು. ಬೆಂಗಳೂರು–ಗುಂತಕಲ್ಲು ರೈಲುಹಾದಿಯ ಮೇಲಿದೆ, ಆ ಸ್ಟೇಷನ್ನು ಸೇರಿರುವುದು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈರುತ್ಯ ರೈಲ್ವೆಗೆ. ಬೆಂಗಳೂರು ಸುಮಾರು 100 ಕಿ.ಮೀ. ದೂರ, ವಿಜಯವಾಡ 500 ಕಿ.ಮೀ.ಗೂ ಹೆಚ್ಚು. ಕಲ್ಯಾಣದುರ್ಗ ಅಲ್ಲಿಂದ ಉತ್ತರಕ್ಕೆ, ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಗೆ ಬೆನ್ನು ಕೊಟ್ಟು ಕೂತ ಊರು. ಹಿಂದೂಪುರದಿಂದ ಮಡಕಶಿರಾ ಕಡೆಗೆ, ಕಲ್ಯಾಣದುರ್ಗದಿಂದ ರಾಯದುರ್ಗದ ಕಡೆಗೆ ಹೋದಂತೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಸಿಗುತ್ತವೆ. ಇವೆರಡು ಊರುಗಳ ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಇದೆ. ನಕ್ಷೆಯಲ್ಲಿ ನೋಡಿದರೆ ಅದು ಆಂಧ್ರದೊಳಗೆ ತೂರಿಕೊಂಡ ಹಾಗೆ ಕಾಣುತ್ತೆ. ಮೂರು ದಿಕ್ಕಿಗೂ ಆಂಧ್ರವೇ. ಇತ್ತ ಮಡಕಶಿರಾ ಕರ್ನಾಟಕದೊಳಗೆ ತೂರಿಕೊಂಡಿದೆ. ಎರಡು ಕೈಗಳ ಬೆರಳು ಹೆಣೆದ ಹಾಗೆ ಅಂತ ಹೇಳಬಹುದು.

ಗೆರೆಯೂ ಒಂದೇ ಕಡೆ ನಿಂತಿಲ್ಲ. ನಿಜಾಮರು 1800ರಲ್ಲಿ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆ ಮಾಡಿದರು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಮೈಸೂರಿಗೆ ಬಂತು, ಅದೇ ಜಿಲ್ಲೆಯ ರಾಯದುರ್ಗ, ಆಲೂರು, ಆದೋನಿ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. 2022ರ ಏಪ್ರಿಲ್ 4ರಂದು ಹಿಂದೂಪುರ, ಮಡಕಶಿರಾ ಎರಡೂ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಊರು ಅಲುಗಾಡಿಲ್ಲ, ಉತ್ತರಪತ್ರಿಕೆಯಲ್ಲಿ ಬರೆಯಬೇಕಾದ ಜಿಲ್ಲೆಯ ಹೆಸರು ಮಾತ್ರ ಬದಲಾಯಿತು.

ಇನ್ನು ಖಾಲಿ ನಕ್ಷೆಗೆ ಬರ್ತೇನೆ. ನಮ್ಮಲ್ಲಿ ಬಹಳ ಮಂದಿಗೆ ಭೂಗೋಳ ಅಂದರೆ ನೆನಪಾಗುವುದು ಇದೇ. ಪುಸ್ತಕದಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ, ರಾಜ್ಯದ ಹೊರಗೆರೆ ಮಾತ್ರ ಇರುವ ಹಾಳೆ. ಅದರಲ್ಲಿ ನದಿ ಎಳೆಯಬೇಕು, ಊರು ಗುರುತಿಸಬೇಕು, ಮಣ್ಣಿನ ಬಗೆಗೆ ಬಣ್ಣ ತುಂಬಬೇಕು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಇದೆ, ಹಾಗಾಗಿ ಅದನ್ನು ಹಗುರವಾಗಿ ಕಾಣುವ ಹಾಗಿಲ್ಲ. ನಾನು ಎಂಟನೇ ತರಗತಿಗೆ ಸೇರಿದ್ದು 2014ರಲ್ಲಿ. ಅಂಗಡಿಯಲ್ಲಿ ಇನ್ನೂ ಹಳೆಯ, ತೆಲಂಗಾಣ ಸೇರಿದ ನಕ್ಷೆಗಳೇ ಇದ್ದವು. ಮೇಷ್ಟ್ರು ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಸಿ, "ಇದರಿಂದಾಚೆ ಬಣ್ಣ ಹಾಕಬ್ಯಾಡ್ರಿ" ಅಂದರು. ಅಷ್ಟೇ. ಎರಡು ವರ್ಷ ಹಿಂದೆ ಆರನೇ ತರಗತಿಯ ಸಮಾಜ ಪುಸ್ತಕದಲ್ಲಿ ಮೂರು ಬಗೆಯ ಭೂಮಿಗೆ ಮೂರು ಹಳ್ಳಿಗಳ ಪಾಠ ಓದಿದ್ದೆವು. ಕೃಷ್ಣಾ ಮುಖಜಭೂಮಿಗೆ ಪೆನಮಕೂರು, ಬೆಟ್ಟಕ್ಕೆ ಪೆನುಗೋಲು, ಪ್ರಸ್ಥಭೂಮಿಗೆ ದೋಕೂರು. ಪೆನ್ಸಿಲ್ ಗೆರೆ ಎಳೆದ ಮೇಲೆ, ಮಹಬೂಬ್‌ನಗರ ಜಿಲ್ಲೆಯ ದೋಕೂರು ಬೇರೆ ರಾಜ್ಯದ್ದಾಯಿತು. ಒಂದು ಮಾತು ಇಲ್ಲಿ ಸೇರಿಸಬೇಕು, ಆ ಪುಸ್ತಕಗಳನ್ನು ನಾನು ದೂರುತ್ತಿಲ್ಲ. ಹಳ್ಳಿಯಿಂದ ಶುರು ಮಾಡಿ ಭೂಮಿಯ ಬಗೆಯನ್ನು ವಿವರಿಸಿದ ಆ ಕ್ರಮ ಬಾಯಿಪಾಠಕ್ಕಿಂತ ಎಷ್ಟೋ ಮೇಲು. ನನ್ನ ತಕರಾರು ಹೊರಗೆರೆಯ ಬಗ್ಗೆ. ಅದರಾಚೆ ಬಿಳಿ ಕಾಗದ. ಬಿಳಿ ಅಂದರೆ ಮಗುವಿನ ಕಣ್ಣಿಗೆ ಅಲ್ಲಿ ಏನೂ ಇಲ್ಲ ಅಂತ.

ಮಳೆಯ ವಿಷಯದಲ್ಲಿ ಇದು ಎಷ್ಟು ದೊಡ್ಡ ಕೊರತೆ ಅಂತ ನೋಡಿ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸು ಮಳೆ. ದೇಶದಲ್ಲೇ ತೀರಾ ಕಡಿಮೆ ಮಳೆಯ ಜಿಲ್ಲೆಗಳಲ್ಲಿ ಒಂದು ಅಂತ ನಾವು ಕಂಠಪಾಠ ಮಾಡಿದ್ದೆವು. ಯಾಕೆ ಕಡಿಮೆ? ಉತ್ತರ "ಮಳೆನೆರಳಿನ ಪ್ರದೇಶ". ಯಾವುದರ ನೆರಳು? ಅದು ಪಶ್ಚಿಮ ಘಟ್ಟದ ನೆರಳು, ಆಂಧ್ರದ ಖಾಲಿ ನಕ್ಷೆಯಲ್ಲಿ ಪಶ್ಚಿಮ ಘಟ್ಟವೇ ಇಲ್ಲ. ಅಲ್ಲಿರುವುದು ಪೂರ್ವ ಘಟ್ಟ. ಭಾರತದ ನಕ್ಷೆಯಲ್ಲಿ ಪಶ್ಚಿಮ ಘಟ್ಟ ಇದೆಯಲ್ಲ ಅಂತ ನೀವು ಕೇಳಬಹುದು, ಇದೆ. ಆದರೆ ಆ ನಕ್ಷೆಯಲ್ಲಿ ಹಿಂದೂಪುರ ಇರುವುದಿಲ್ಲ, ಕಲ್ಯಾಣದುರ್ಗದ ಮಾತಂತೂ ಬೇಡ. ಘಟ್ಟ ಇರುವ ನಕ್ಷೆಯಲ್ಲಿ ಊರಿಲ್ಲ, ಊರಿರುವ ನಕ್ಷೆಯಲ್ಲಿ ಘಟ್ಟವಿಲ್ಲ. ಕಾರಣ ಒಂದು ಹಾಳೆಯಲ್ಲಿ, ಪರಿಣಾಮ ಇನ್ನೊಂದು ಹಾಳೆಯಲ್ಲಿ. ಹನ್ನೊಂದು ಹನ್ನೆರಡು ವರ್ಷದ ಮಗು ಎರಡನ್ನೂ ಜೋಡಿಸಿಕೊಳ್ಳಲಿ ಅಂತ ನಾವು ಬಿಟ್ಟಿದ್ದೇವೆ.

ಜೋಡಿಸುವುದು ಕಷ್ಟವೇನಲ್ಲ. ಆರನೇ ತರಗತಿಯಲ್ಲಿ ಅಕ್ಷಾಂಶ, ರೇಖಾಂಶ ಕಲಿಸುತ್ತಾರೆ. ಸಮಭಾಜಕ ವೃತ್ತದಿಂದ ದೂರ ಹೋದಂತೆ ಬಿಸಿಲು ಕಡಿಮೆ ಅನ್ನುವುದಕ್ಕೆ ಅದನ್ನು ಬಳಸಿ, ಅಲ್ಲಿಗೇ ಬಿಡುತ್ತಾರೆ. ಈ ಸ್ಲೈಡಿನಲ್ಲಿ ಎರಡು ಜೋಡಿ ಊರು ಹಾಕಿದ್ದೇನೆ. ಕಲ್ಯಾಣದುರ್ಗ ಮತ್ತು ಗೋಕರ್ಣ, ಎರಡೂ ಹೆಚ್ಚುಕಮ್ಮಿ 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಗೋಕರ್ಣದಿಂದ ನೇರ ಮೂಡಣಕ್ಕೆ ಸುಮಾರು 300 ಕಿ.ಮೀ. ಬಂದರೆ ಕಲ್ಯಾಣದುರ್ಗ. ಆ ಕರಾವಳಿಯಲ್ಲಿ ವರ್ಷದ ಮಳೆ 3,000 ಮಿ.ಮೀ. ದಾಟುತ್ತೆ. ಇನ್ನೊಂದು ಜೋಡಿ ಹಿಂದೂಪುರ ಮತ್ತು ಆಗುಂಬೆ. ಒಂದು 13.8 ಡಿಗ್ರಿ, ಇನ್ನೊಂದು 13.5. ನಡುವೆ ಸುಮಾರು 260 ಕಿ.ಮೀ. ಆಗುಂಬೆಯಲ್ಲಿ 7,000 ಮಿ.ಮೀ.ಗಿಂತ ಹೆಚ್ಚು ಮಳೆ. ಒಂದೇ ಅಕ್ಷಾಂಶದ ಮೇಲೆ ಅಡ್ಡಡ್ಡ ನಡೆದರೆ ಮಳೆ ಹನ್ನೆರಡು ಪಾಲಿನಲ್ಲಿ ಒಂದು ಪಾಲಿಗೆ ಇಳಿಯುತ್ತೆ. ನೈರುತ್ಯ ಮಾನ್ಸೂನ್ ಮಾರುತ ಕಡಲಿನಿಂದ ಬರುತ್ತೆ, ಘಟ್ಟ ಹತ್ತುವಾಗ ತಣ್ಣಗಾಗಿ ನೀರು ಸುರಿಸುತ್ತೆ, ಇಳಿಯುವಾಗ ಬಿಸಿಯಾಗಿ ಒಣಗುತ್ತೆ. ನಮಗೆ ಸಿಗುವುದು ಹಿಂಡಿ ಉಳಿದ ಗಾಳಿ. ಇನ್ನು ಈಶಾನ್ಯ ಮಾನ್ಸೂನ್ ಬಂಗಾಳ ಕೊಲ್ಲಿಯಿಂದ ಬರುವಷ್ಟರಲ್ಲಿ ನೆಲ್ಲೂರು ಕಡೆಯೇ ಬಹುಪಾಲು ಮುಗಿದಿರುತ್ತೆ. ಎರಡು ಕಡಲಿಗೂ ದೂರವಾದ ಊರು ನಮ್ಮದು. ಈ ಅಡ್ಡಗೆರೆಯನ್ನು ಎಳೆಯಬೇಕಾದರೆ ರಾಜ್ಯದ ಹೊರಗೆರೆ ದಾಟಲೇಬೇಕು.

ಇದು ಬರಿಯ ಅಂಕದ ಪ್ರಶ್ನೆ ಅಲ್ಲ. ಮಳೆ ಕೈಕೊಟ್ಟ ವರ್ಷ ನಮ್ಮ ಸೀಮೆಯಿಂದ ಬೆಂಗಳೂರಿಗೆ ಕೂಲಿಗೆ ಹೋಗುವ ಕುಟುಂಬಗಳ ಜತೆ ಆರು, ಏಳನೇ ತರಗತಿಯ ಮಕ್ಕಳೂ ಹೋಗುತ್ತಾರೆ. ಊರಲ್ಲಿ ಅದಕ್ಕೆ ಹೇಳುವ ಕಾರಣ "ದೇವರು ಕಣ್ಣು ಬಿಡ್ಲಿಲ್ಲ". ಮಗು ಅದನ್ನು ನಂಬಿದರೆ ತಪ್ಪು ಮಗುವಿನದಲ್ಲ. ಬೇರೆ ಕಾರಣವನ್ನು ಅದರ ಹಾಳೆಯ ಮೇಲೆ ಯಾರೂ ಬರೆದು ತೋರಿಸಿಲ್ಲ.

ಇಲ್ಲಿ ನಮ್ಮ ವಿಷಯ, ಅಂದರೆ ಸಾಹಿತ್ಯ, ಒಳಗೆ ಬರುತ್ತೆ. ಕನ್ನಡ ಗದ್ಯದಲ್ಲಿ ಮಳೆ ಧಾರಾಳವಾಗಿ ಸುರಿಯುತ್ತೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಓದುವಾಗ ನಾನು ಒಂದು ಕಡೆ ಪುಸ್ತಕ ಮುಚ್ಚಿ ಲೆಕ್ಕ ಹಾಕಿದ್ದೆ, ಈ ಮಳೆ ನಮ್ಮೂರಿನ ಎಷ್ಟು ವರ್ಷದ ಮಳೆ ಅಂತ. ಜಿಗಣೆ, ಕಂಬಳಿಕೊಪ್ಪೆ, ತಿಂಗಳುಗಟ್ಟಲೆ ಬಿಡದ ಜಡಿ, ಇವೆಲ್ಲ ನಮಗೆ ಕಂಡ ವಸ್ತುಗಳಲ್ಲ, ಓದಿದ ಪದಗಳು. ಕಲ್ಯಾಣದುರ್ಗದ ಕನ್ನಡ ಮಗುವಿಗೆ ಪಶ್ಚಿಮ ಘಟ್ಟ ಮೊದಲು ಸಿಗುವುದು ಭಾಷಾ ಪಾಠದಲ್ಲಿ, ಸುಂದರವಾದ ದೂರದ ಜಾಗವಾಗಿ. ಸಮಾಜದ ತರಗತಿಯಲ್ಲಿ ಸಿಗುವುದು "ಮಳೆ ಕಡಿಮೆ" ಅನ್ನುವ ಅಂಕಿ. ಆ ಮಳೆಯೂ ಈ ಬರವೂ ಒಂದೇ ಬೆಟ್ಟದ ಎರಡು ಮೈ ಅಂತ ಯಾವ ಪೀರಿಯಡ್ಡಿನಲ್ಲೂ ಹೇಳುವುದಿಲ್ಲ. ಭಾಷೆಯ ಮೇಷ್ಟ್ರು ಅದು ಸಮಾಜದ ವಿಷಯ ಅಂತಾರೆ. ಸಮಾಜದ ಮೇಷ್ಟ್ರಿಗೆ ಅದು ಬೇರೆ ರಾಜ್ಯದ ವಿಷಯ.

ನದಿಯ ಕತೆಯೂ ಹೀಗೆಯೇ, ಸ್ವಲ್ಪ ಹೆಚ್ಚು ತಮಾಷೆಯಾಗಿದೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ 597 ಕಿ.ಮೀ. ಹರಿದು ನೆಲ್ಲೂರಿನ ಕಡೆ ಬಂಗಾಳ ಕೊಲ್ಲಿ ಸೇರುವ ನದಿಗೆ ಕರ್ನಾಟಕದ ಪುಸ್ತಕದಲ್ಲಿ ಉತ್ತರ ಪಿನಾಕಿನಿ ಅಂತ ಹೆಸರು, ಆಂಧ್ರದ ಪುಸ್ತಕದಲ್ಲಿ ಪೆನ್ನಾ. ಜನರ ಬಾಯಲ್ಲಿ ಪೆನ್ನಾರು, ಪೆನ್ನೇರು. ದಕ್ಷಿಣ ಪಿನಾಕಿನಿ ಅನ್ನುವುದು ಅದೇ ಕಡೆ ಹುಟ್ಟಿ ತಮಿಳುನಾಡಿಗೆ ಹೋಗುವ ಬೇರೆಯೇ ನದಿ, ಗೊಂದಲಕ್ಕೆ ಅದೂ ಸೇರಿಕೊಳ್ಳುತ್ತೆ. ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಹಿಂದೂಪುರದ ಕಡೆ ಆಂಧ್ರಕ್ಕೆ ಬರುತ್ತೆ. ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆಯಲ್ಲಿ ಹರಿದು ಬಂದ ಜಯಮಂಗಲಿ ಹಿಂದೂಪುರಕ್ಕೆ ಹತ್ತಿರದ ಪರಿಗಿ ಕಡೆ ಅದನ್ನು ಸೇರುತ್ತೆ. ಬಳಿಕ ನದಿ ಮತ್ತೆ ಕರ್ನಾಟಕಕ್ಕೆ, ಪಾವಗಡ ತಾಲ್ಲೂಕಿಗೆ ಹೋಗುತ್ತೆ. ಸುಬ್ರಹ್ಮಣ್ಯನ ಕ್ಷೇತ್ರವಾದ ನಾಗಲಮಡಿಕೆ ಇರುವುದು ಅದರ ದಂಡೆಯ ಮೇಲೆ. ಅಲ್ಲಿಂದ ಮತ್ತೆ ಆಂಧ್ರ, ಪೇರೂರು ಜಲಾಶಯ. ಅಂದರೆ ಈ ನದಿ ರಾಜ್ಯದ ಗಡಿಯನ್ನು ಮೂರು ಸಲ ದಾಟುತ್ತೆ. ಖಾಲಿ ನಕ್ಷೆಯಲ್ಲಿ ಇದನ್ನು ಎಳೆಯುವ ಹುಡುಗ ಅಂಚಿನಿಂದ ಶುರು ಮಾಡಿ, ಸ್ವಲ್ಪ ದೂರ ಎಳೆದು, ಪೆನ್ಸಿಲ್ ಎತ್ತಿ, ಬಿಳಿ ಜಾಗ ಬಿಟ್ಟು, ಮತ್ತೆ ಎಳೆಯಬೇಕು. ಬಹಳ ಮಕ್ಕಳು ಈ ತಾಪತ್ರಯ ಬಿಟ್ಟು ಒಂದೇ ಗೆರೆ ಎಳೆದುಬಿಡುತ್ತಾರೆ.

ಕಲ್ಯಾಣದುರ್ಗದ ಪಡುವಣ ಬದಿಯ ನೀರು ಬೇರೆ ದಾರಿ ಹಿಡಿಯುತ್ತೆ. ಬಾಬಾಬುಡನ್‌ಗಿರಿ ಕಡೆ ಹುಟ್ಟುವ ವೇದಾವತಿ, ಹಿರಿಯೂರಿನ ಮಾರಿಕಣಿವೆಯಲ್ಲಿ 1907ರಲ್ಲಿ ಮುಗಿದ ವಾಣಿವಿಲಾಸ ಸಾಗರದಲ್ಲಿ ನಿಂತು, ಚಳ್ಳಕೆರೆ ಸೀಮೆ ದಾಟಿ ಆಂಧ್ರಕ್ಕೆ ಬಂದು ಭೈರವಾನಿತಿಪ್ಪ ಜಲಾಶಯ ತುಂಬಬೇಕು. ಮುಂದೆ ಬಳ್ಳಾರಿ ಕಡೆ ಹೋದಂತೆ ಅದರ ಹೆಸರು ಹಗರಿ. ಕೊನೆಗೆ ತುಂಗಭದ್ರೆ, ಅಲ್ಲಿಂದ ಕೃಷ್ಣೆ. ಹಾಗಾಗಿ ಕಲ್ಯಾಣದುರ್ಗದ ಸೀಮೆಯಲ್ಲಿ ಬಿದ್ದ ಮಳೆ ಎರಡು ಪಾಲಾಗುತ್ತೆ, ಒಂದು ಪಾಲು ಪೆನ್ನಾ ಸೇರಿ ನೆಲ್ಲೂರಿಗೆ, ಇನ್ನೊಂದು ಪಾಲು ಹಗರಿ ಸೇರಿ ಕೃಷ್ಣೆಗೆ. ಜಲಾನಯನ ಅನ್ನುವ ಪದಕ್ಕೆ ಇದಕ್ಕಿಂತ ಒಳ್ಳೆ ಪಾಠ ಎಲ್ಲಿ ಸಿಗಬೇಕು? ವಾಣಿವಿಲಾಸ ಸಾಗರ 1933ರ ಬಳಿಕ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕರ್ನಾಟಕದ ಪತ್ರಿಕೆಗಳಿಗೆ ಅದು ದೊಡ್ಡ ಸುದ್ದಿ. ಆದರೆ ಆ ಕೋಡಿಯ ನೀರು ಹರಿದುಬರುವ ದಾರಿಯಲ್ಲಿರುವ ಆಂಧ್ರದ ಶಾಲೆಗಳ ಪಾಠದಲ್ಲಿ ಆ ಕೆರೆಗೆ ಜಾಗ ಇಲ್ಲ.

ಪದಗಳ ವಿಷಯಕ್ಕೆ ಬರೋಣ, ನನಗೆ ಪ್ರೀತಿಯ ಭಾಗ ಇದು. ನಮ್ಮ ಪುಸ್ತಕದ ಭಾಷೆ ಕನ್ನಡ, ಆದರೆ ಪಾಠ ಹೇಳುವವರು ತೆಲುಗಿನಲ್ಲಿ ತರಬೇತಿ ಆದವರಿರಬಹುದು, ಟಿ.ವಿ.ಯ ಹವಾಮಾನ ಸುದ್ದಿ ತೆಲುಗು, ಪಕ್ಕದ ತರಗತಿಯಲ್ಲಿ ಕೇಳಿಸುವುದೂ ತೆಲುಗು. ಕನ್ನಡದ ಪ್ರಸ್ಥಭೂಮಿ ತೆಲುಗಿಗೆ ಪೀಠಭೂಮಿ. ಪರ್ಯಾಯ ದ್ವೀಪ ಅಲ್ಲಿ ದ್ವೀಪಕಲ್ಪ. ಸಮಭಾಜಕ ವೃತ್ತ ಭೂಮಧ್ಯರೇಖೆ ಆಗುತ್ತೆ, ವಾಯುಗುಣ ಶೀತೋಷ್ಣಸ್ಥಿತಿ ಆಗುತ್ತೆ. ಎರಡೂ ಕಡೆ ಸಂಸ್ಕೃತದ ಪದಗಳೇ, ಎರಡೂ ಕಡೆಯ ಮಕ್ಕಳಿಗೆ ಅಷ್ಟೇ ದೂರ. ನಿಜ ಹೇಳಬೇಕೆಂದರೆ ಪೀಠಭೂಮಿ ನನಗೆ ಬೇಗ ಅರ್ಥವಾಗಿತ್ತು. ಪೀಠ ಅಂದರೆ ಎತ್ತರದಲ್ಲಿ ಸಮತಟ್ಟಾಗಿರುವುದು ಅಂತ ಗುಡಿ ನೋಡಿದ ಮಗುವಿಗೆ ಗೊತ್ತು. ಪ್ರಸ್ಥಕ್ಕೆ ಹಾಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ.

ತೊಂದರೆ ಕೊಡುವುದು ದೇಸಿ ಪದಗಳು. ಅವು ಪರಿಚಿತ ಮುಖ ಹೊತ್ತು ಬಂದು ಮೋಸ ಮಾಡುತ್ತವೆ. ತೆಲುಗಿನಲ್ಲಿ ಕೊಂಡ ಅಂದರೆ ಬೆಟ್ಟ. ಕನ್ನಡದಲ್ಲಿ ಕೊಂಡ ಅಂದರೆ ಹಳ್ಳ ತೋಡಿ ಕೆಂಡ ಹಾಕುವ ಗುಂಡಿ, ಹಬ್ಬದಲ್ಲಿ ಹಾಯುವುದು. ಒಂದೇ ಪದ ಒಂದು ಭಾಷೆಯಲ್ಲಿ ಮೇಲಕ್ಕೆ, ಇನ್ನೊಂದರಲ್ಲಿ ಕೆಳಕ್ಕೆ. ತೆಲುಗಿನ ನೇಲ ಮಣ್ಣೂ ಹೌದು, ನೆಲವೂ ಹೌದು, ಕನ್ನಡದಲ್ಲಿ ನೆಲ ಬೇರೆ, ಮಣ್ಣು ಬೇರೆ. "ನೆಲದ ವಿಧಗಳು" ಅಂತ ಬರೆದರೆ ಕನ್ನಡದ ಮಗು ಗದ್ದೆ, ಹೊಲ, ಬಂಜರು ಅಂತ ಬರೆಯುತ್ತೆ, ಉತ್ತರ ಬೇಕಾಗಿರುವುದು ಕೆಂಪು ಮಣ್ಣು, ಎರೆ ಮಣ್ಣು. ಭೈರವಾನಿತಿಪ್ಪದ ತಿಪ್ಪ ತೆಲುಗಿನಲ್ಲಿ ದಿಬ್ಬ, ನಮಗೆ ತಿಪ್ಪೆ ಅಂದರೆ ಗೊಬ್ಬರದ ಗುಡ್ಡೆ. ಈ ಹೆಸರು ಕೇಳಿ ನಾವು ನಕ್ಕಿದ್ದೇವೆ. ಶೇಂಗಾ, ಕಡಲೆಕಾಯಿ, ಪುಸ್ತಕದ ನೆಲಗಡಲೆ, ತೆಲುಗಿನ ವೇರುಶನಗ, ಇವು ನಾಲ್ಕೂ ಒಂದೇ ಬೆಳೆ ಅಂತ ಗೊತ್ತಾಗದೆ ಬೆಳೆಗಳ ಪಟ್ಟಿಯಲ್ಲಿ ಎರಡು ಸಲ ಬರೆದವರನ್ನೂ ನೋಡಿದ್ದೇನೆ, ಅದೂ ಶೇಂಗಾ ಬೆಳೆಯುವ ಮನೆಯ ಮಕ್ಕಳು.

ಆದರೆ ಇದೇ ಜಾಗದಲ್ಲಿ ಕಲಿಕೆಯ ಬಾಗಿಲೂ ಇದೆ. ಕನ್ನಡದ ಕೆರೆ, ತೆಲುಗಿನ ಚೆರುವು. ಕಿವಿ, ಚೆವಿ. ಕೈ, ಚೇಯಿ. ಇಕಾರ, ಎಕಾರಗಳ ಮುಂದೆ ಕಕಾರ ತೆಲುಗಿನಲ್ಲಿ ಚಕಾರವಾಗುತ್ತೆ ಅಂತ ನಾವು ಎಂ.ಎ.ಯಲ್ಲಿ ದ್ರಾವಿಡ ಭಾಷಾವಿಜ್ಞಾನದ ಪತ್ರಿಕೆಯಲ್ಲಿ ಓದುತ್ತೇವೆ. ಗಡಿಯ ಮಗುವಿಗೆ ಇದು ಏಳನೇ ತರಗತಿಯಲ್ಲೇ, ಊರಿನ ಹೆಸರುಗಳ ಪಟ್ಟಿಯಲ್ಲೇ ಕೈಗೆ ಸಿಗುತ್ತೆ. ಕೆರೆ ಅಂತ ಮುಗಿಯುವ ಊರು, ಚೆರುವು ಅಂತ ಮುಗಿಯುವ ಊರು, ಎರಡನ್ನೂ ಒಂದು ಹಾಳೆಯಲ್ಲಿ ಗುರುತಿಸಿದರೆ ಭಾಷೆಗಳು ಎಲ್ಲಿ ಬೆರೆಯುತ್ತವೆ ಅಂತ ಕಾಣುತ್ತೆ. ಜತೆಗೆ ಇದು ಯಾವ ನೀರಿನ ಸೀಮೆ ಅಂತಲೂ. ಹೊಳೆ ನಂಬದ ಜನ ಕೆರೆ ಕಟ್ಟಿಕೊಂಡ ನಾಡು ಇದು.

ಈಗ ಚಕ್ಕುಬಂದಿ. ಹೊಲ ಕೊಳ್ಳುವಾಗ, ಮಾರುವಾಗ, ಪಾಲು ಮಾಡುವಾಗ ಕಾಗದದಲ್ಲಿ ಬರೆಯುತ್ತಾರಲ್ಲ, ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಬಂಡಿ ದಾರಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ಗೋಮಾಳ ಅಂತ, ಅದು. ತೆಲುಗಿನವರೂ ಇದನ್ನೇ ಬರೆಯುತ್ತಾರೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇದು ಬಾಯಲ್ಲೇ ಬರುತ್ತೆ. "ಮೂಡ್ಲಿಗೆ ಯಾರ ಹೊಲ ಐತೆ ಹೇಳಪ್ಪ" ಅಂತ ತಾತ ಕೇಳಿದರೆ, "ಬೇವಿನ ಮರದಿಂದ ಆಚಿಗೆ ಚಿಕ್ಕತಾತಂದು" ಅಂತ ಐದನೇ ತರಗತಿಯ ಹುಡುಗ ಹೇಳಬಲ್ಲ. ಮೂಡಲು, ಪಡುವಲು, ತೆಂಕಲು, ಬಡಗಲು. ಇದೇ ಹುಡುಗ ಶಾಲೆಯಲ್ಲಿ "ನಕ್ಷೆಯ ಮೇಲ್ಭಾಗ ಯಾವ ದಿಕ್ಕು" ಅಂದರೆ ತಡವರಿಸುತ್ತಾನೆ. ದಿಕ್ಕು ಗೊತ್ತಿಲ್ಲದೆ ಅಲ್ಲ, ಗೋಡೆಗೆ ತೂಗುಹಾಕಿದ ಉತ್ತರ ಆಕಾಶದ ಕಡೆ ಇರುವುದರಿಂದ.

ನಾವು ಶಾಸನ ಓದುವವರು ಈ ಪದ್ಧತಿಯನ್ನು ಗುರುತಿಸಬೇಕು. ದಾನ ಕೊಟ್ಟ ಭೂಮಿಗೆ ಎಲ್ಲೆ ಹೇಳುವಾಗ ಕನ್ನಡ ಶಾಸನಗಳು ಮಾಡುವುದು ಇದನ್ನೇ. ದಿಕ್ಕು ಹಿಡಿದು ಸುತ್ತು ಬರುತ್ತವೆ, ಮರ, ಹುತ್ತ, ನಟ್ಟ ಕಲ್ಲು, ಕೆರೆಯ ಏರಿ ಎಲ್ಲವನ್ನೂ ಹೆಸರಿಸುತ್ತವೆ. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿ ಕನ್ನಡ ಶಾಸನಗಳಿವೆ. ನೊಳಂಬವಾಡಿಯಲ್ಲಿ ಇವತ್ತಿನ ತುಮಕೂರು, ಚಿತ್ರದುರ್ಗ, ಅನಂತಪುರ ಸೀಮೆಗಳು ಒಟ್ಟಿಗಿದ್ದವು. ಸೀಮೆ ಅನ್ನುವ ಪದವನ್ನೇ ನೋಡಿ, ಎಲ್ಲೆ ಅಂತಲೂ ಅರ್ಥ, ಎಲ್ಲೆಯೊಳಗಿನ ನಾಡು ಅಂತಲೂ ಅರ್ಥ. ಕಂಪನಿಯ ಕಾಲದ 'ದತ್ತ ಮಂಡಲ' ಅನ್ನುವ ಹೆಸರು ಬೇಡ ಅಂತ 1928ರಲ್ಲಿ ನಂದ್ಯಾಲದ ಸಭೆಯಲ್ಲಿ ಆರಿಸಿಕೊಂಡ ರಾಯಲಸೀಮೆಯಲ್ಲಿ ಇರುವುದೂ ಈ ಪದವೇ.

ಚಕ್ಕುಬಂದಿಗೂ ಖಾಲಿ ನಕ್ಷೆಗೂ ಇರುವ ವ್ಯತ್ಯಾಸ ಇಷ್ಟು. ಖಾಲಿ ನಕ್ಷೆ ನಿಮ್ಮದನ್ನು ಗೆರೆಯೊಳಗೆ ತೋರಿಸಿ ಆಚೆಯದನ್ನು ಬಿಳಿ ಬಿಡುತ್ತೆ. ಚಕ್ಕುಬಂದಿಯಲ್ಲಿ ಆಚೆ ಇರುವುದನ್ನು ಹೆಸರಿಸದೆ ನಿಮ್ಮದು ಯಾವುದು ಅಂತ ಹೇಳುವುದಕ್ಕೇ ಆಗಲ್ಲ. ಮಡಕಶಿರಾದ ಚಕ್ಕುಬಂದಿ ಬರೆದು ನೋಡಿ. ಮೂಡಲಿಗೆ ಹಿಂದೂಪುರ, ತೆಂಕಲಿಗೆ ಮಧುಗಿರಿ, ಪಡುವಲಿಗೆ ಶಿರಾ, ಬಡಗಲಿಗೆ ಪಾವಗಡ. ನಾಲ್ಕರಲ್ಲಿ ಮೂರು ಕರ್ನಾಟಕ. ಪಾವಗಡದ್ದು ಬರೆದರೆ ನಾಲ್ಕರಲ್ಲಿ ಮೂರು ಆಂಧ್ರ. ಆರನೇ ತರಗತಿಯಲ್ಲಿ ಹೊಲದ ಚಕ್ಕುಬಂದಿ, ಊರಿನದು, ಮಂಡಲದ್ದು, ಜಿಲ್ಲೆಯದು ಅಂತ ಹಿಗ್ಗಿಸುತ್ತ ಹೋದರೆ ಮಗು ತಾನಾಗಿಯೇ ಹೊರಗೆರೆ ದಾಟುತ್ತೆ. ಏಳನೇ ತರಗತಿಯಲ್ಲಿ ಅದೇ ಹಾಳೆಗೆ ಹೊಳೆ ಹಾಕಬಹುದು, ಎಂಟರಲ್ಲಿ ಗಾಳಿ ಮತ್ತು ಬೆಟ್ಟ. ಹೊಸ ಪಠ್ಯಪುಸ್ತಕ ಬೇಕಿಲ್ಲ, ನಾಲ್ಕು ದಿಕ್ಕಿಗೂ ಒಂದೊಂದು ಗೇಣು ದೊಡ್ಡದಾದ ಹಾಳೆ ಸಾಕು.

ಸಂವಾದದಿಂದ

ಪ್ರಶ್ನೆ: ಆಂಧ್ರದ ಪರೀಕ್ಷೆ ಬರೆಯುವ ಮಕ್ಕಳಿಗೆ ಕರ್ನಾಟಕವನ್ನು ಕಲಿಸಬೇಕು ಅನ್ನುವುದು ಗಡಿ ವಿವಾದವನ್ನು ಶಾಲೆಯೊಳಗೆ ತಂದ ಹಾಗಲ್ಲವೆ?

ಈ ಪ್ರಶ್ನೆ ಬರಬಹುದು ಅಂತ ಅಂದುಕೊಂಡಿದ್ದೆ. ಗೆರೆ ಎಲ್ಲಿರಬೇಕು ಅಂತ ನಾನು ಮಾತಾಡಿಲ್ಲ. ಇರುವ ಗೆರೆ ಇರಲಿ, ಗೆರೆಯ ಆಚೆ ಬಿಳಿ ಬಿಡಬೇಡಿ ಅಂತ ಹೇಳ್ತಿದ್ದೇನೆ. ಪಾವಗಡದ ಕನ್ನಡ ಶಾಲೆಯಲ್ಲೂ ಇದೇ ತೊಂದರೆ ಇದೆ. ಅಲ್ಲಿನ ಮಗುವಿನ ಉತ್ತರ ಪಿನಾಕಿನಿ ನಾಗಲಮಡಿಕೆ ದಾಟಿದ ಮೇಲೆ ಎಲ್ಲಿ ಹೋಗುತ್ತೆ ಅಂತ ಕರ್ನಾಟಕದ ಖಾಲಿ ನಕ್ಷೆ ಹೇಳಲ್ಲ. ಅದಕ್ಕೆ ಪೇರೂರು, ಗಂಡಿಕೋಟೆ, ಸೋಮಶಿಲ, ನೆಲ್ಲೂರು ಬೇಕು. ಅದನ್ನು ಕಲಿಸಿದರೆ ಪಾವಗಡವನ್ನು ಆಂಧ್ರಕ್ಕೆ ಕೊಡಿ ಅಂತ ಯಾರೂ ಅರ್ಥ ಮಾಡಿಕೊಳ್ಳಲ್ಲ, ಅಲ್ವಾ?

ಪ್ರಶ್ನೆ: ಪಾರಿಭಾಷಿಕ ಪದ ಯಾವುದು ಬರೆಸಬೇಕು? ಎರಡೂ ಕಲಿಸಿದರೆ ಹೊರೆ ಆಗಲ್ಲವೆ?

ಪರೀಕ್ಷೆ ಕನ್ನಡದಲ್ಲಿ, ಹಾಗಾಗಿ ಉತ್ತರದಲ್ಲಿ ಪ್ರಸ್ಥಭೂಮಿಯೇ ಇರಲಿ. ಆದರೆ ಹತ್ತನೇ ತರಗತಿ ಆದ ಮೇಲೆ ಈ ಮಕ್ಕಳಲ್ಲಿ ಕೆಲವರು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದ ಇಂಟರ್‌ಮೀಡಿಯೆಟ್ಟಿಗೆ, ಕೆಲವರು ಗಡಿ ದಾಟಿ ಪಿ.ಯು.ಸಿ.ಗೆ ಹೋಗುತ್ತಾರೆ. ಎರಡು ಪದ ಗೊತ್ತಿದ್ದವರು ಎರಡು ಕಡೆಯೂ ಕಂಗಾಲಾಗಲ್ಲ. ನಾನು ಕರ್ನಾಟಕಕ್ಕೆ ಓದಲು ಬಂದಾಗ ನನ್ನ ಪಕ್ಕ ಕೂತವರಿಗೆ ಪೀಠಭೂಮಿ ಅಂದರೆ ಮಠದ ಜಮೀನು.

ಪ್ರಶ್ನೆ: ರಾಜ್ಯದ ನಕ್ಷೆ ಬೇಡ ಅಂದರೆ ಶಿಕ್ಷಕರು ಯಾವ ನಕ್ಷೆ ಬಳಸಬೇಕು? ಎರಡು ರಾಜ್ಯ ಸೇರಿದ ಶಾಲಾ ನಕ್ಷೆ ಇದೆಯೆ?

ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳು ಇವೆ. ಅವುಗಳನ್ನು ರಾಜ್ಯದ ಗಡಿಗೆ ಕತ್ತರಿಸಿಲ್ಲ, ಅಕ್ಷಾಂಶ ರೇಖಾಂಶಕ್ಕೆ ಕತ್ತರಿಸಿದ್ದಾರೆ. ಹಳೆಯ ಎಣಿಕೆಯಲ್ಲಿ 57 ಜಿ ಅನ್ನುವ ಹಾಳೆ 13ರಿಂದ 14 ಡಿಗ್ರಿ ಉತ್ತರ, 77ರಿಂದ 78 ಡಿಗ್ರಿ ಪೂರ್ವದವರೆಗಿನದು. ನಂದಿ ಬೆಟ್ಟ, ದೇವರಾಯನದುರ್ಗ, ಗೌರಿಬಿದನೂರು, ಮಧುಗಿರಿ, ಮಡಕಶಿರಾ, ಹಿಂದೂಪುರ ಎಲ್ಲವೂ ಅದೊಂದೇ ಹಾಳೆಯಲ್ಲಿವೆ. ಪೆನ್ನಾ ಹುಟ್ಟುವ ಜಾಗ, ಜಯಮಂಗಲಿ ಹುಟ್ಟುವ ಜಾಗ, ಎರಡೂ ಕೂಡುವ ಜಾಗ, ಮೂರನ್ನೂ ಮಗು ಬೆರಳಿಟ್ಟು ತೋರಿಸಬಹುದು. ಅದರ ಮೇಲಿನ ಹಾಳೆ 57 ಎಫ್. ಪಾವಗಡ, ಕಲ್ಯಾಣದುರ್ಗ ಅದರಲ್ಲಿವೆ. ಎರಡನ್ನೂ ಅಂಟಿಸಿ ಗೋಡೆಗೆ ಹಾಕಿದರೆ ನಾನು ಇವತ್ತು ಹೇಳಿದ್ದರಲ್ಲಿ ಘಟ್ಟ ಮತ್ತು ವಾಣಿವಿಲಾಸ ಸಾಗರ ಬಿಟ್ಟು ಬಹುಪಾಲು ಅಲ್ಲೇ ಸಿಗುತ್ತೆ. ಅವೆರಡಕ್ಕೆ ಪಡುವಲ ಬದಿಯ ಹಾಳೆಗಳೂ ಬೇಕು.